ಮದುವೆಯ ಉಡುಗೊರೆಗೆ ಚಿತ್ರದ ಕೌದಿ: ಮುಖ ಬಿಡಿ, ನೆರಳು-ಬೆಳಕು ಹಿಡಿಯಿರಿ

ಪ್ರಶ್ನೆ: ನನ್ನ ಆಪ್ತ ಗೆಳತಿಯ ಮದುವೆಗೆ ಇನ್ನು ನಾಲ್ಕು ತಿಂಗಳಿದೆ. ಅವಳೂ ಅವಳ ಹುಡುಗನೂ ಮೊದಲು ಭೇಟಿಯಾಗಿದ್ದು ಒಂದು ಕೆರೆಯ ದಂಡೆಯಲ್ಲಿ. ಆ ಜಾಗದ ಫೋಟೊ ನನ್ನ ಹತ್ತಿರ ಇದೆ: ಹಿಂದೆ ಗುಡ್ಡಸಾಲು, ನಡುವೆ ನೀರು, ಎಡಕ್ಕೆ ದೊಡ್ಡ ಮರ, ಮರದ ಬುಡದಲ್ಲಿ ಅವರಿಬ್ಬರು. ಇದನ್ನು ಬಟ್ಟೆಯಲ್ಲಿ ಹೊಲಿದು, ಗೋಡೆಗೆ ತೂಗುಹಾಕುವಂಥ ಕೌದಿ ಮಾಡಿಕೊಡಬೇಕೆಂಬ ಆಸೆ. ಚೌಕದ ತುಂಡು ಜೋಡಿಸಿ ಹೊದೆಯುವ ಕೌದಿಗಳನ್ನು ಹೊಲಿದಿದ್ದೇನೆ. ಕೈಹೊಲಿಗೆ ಬರುತ್ತದೆ, ಮನೆಯಲ್ಲಿ ಸಾದಾ ಹೊಲಿಗೆ ಯಂತ್ರವೂ ಇದೆ. ಚಿತ್ರ ಮಾತ್ರ ಎಂದೂ ಮಾಡಿಲ್ಲ. ಸಣ್ಣ ತುಂಡೊಂದರಲ್ಲಿ ಮಾಡಿ ನೋಡಿದೆ. ಬಟ್ಟೆ ಸುಕ್ಕುಗಟ್ಟಿತು, ಅಂಚು ಅಲೆಅಲೆಯಾಗಿ ನಿಂತಿತು, ಮುಖಗಳ ಗುರುತೇ ಸಿಗಲಿಲ್ಲ. ಎಲ್ಲಿ ತಪ್ಪಿದೆ? ಎಲ್ಲಿಂದ ಶುರುಮಾಡಲಿ?

ಉತ್ತರ: ನೀವು ಕೇಳಿದ್ದರಲ್ಲಿ ಎರಡು ಬೇರೆಬೇರೆ ತೊಂದರೆಗಳಿವೆ. ಸುಕ್ಕು ಹೊಲಿಗೆಯ ತೊಂದರೆ; ಕಾರಣ ಗೊತ್ತಾದರೆ ಸರಿಹೋಗುತ್ತದೆ. ಮುಖ ಕೆಟ್ಟದ್ದು ಚಿತ್ರದ ತೊಂದರೆ. ಅದಕ್ಕೆ ನಾನು ಹೇಳುವ ಪರಿಹಾರ, ಮುಖವನ್ನೇ ಬಿಟ್ಟುಬಿಡುವುದು.

ಮೊದಲು ಮುಖದ ಮಾತು. ಮರ ಒಂದು ಬೆರಳಷ್ಟು ಆಚೆ ವಾಲಿದರೂ ಮರವೇ. ಮುಖದಲ್ಲಿ ಕಣ್ಣು ಒಂದು ಮಿಲಿಮೀಟರ್ ಜರುಗಿದರೆ ಅದು ಬೇರೆ ಯಾರೋ ಆಗುತ್ತದೆ. ನಿಮ್ಮ ಕೌದಿಯಲ್ಲಿ ಆ ಇಬ್ಬರ ಎತ್ತರ ಹೆಚ್ಚೆಂದರೆ 10-12 ಸೆಂ.ಮೀ. ಇದ್ದೀತು. ಅದರಲ್ಲಿ ಮುಖಕ್ಕೆ ಉಳಿಯುವುದು ಒಂದೂವರೆ ಸೆಂಟಿಮೀಟರ್. ಅಷ್ಟು ಜಾಗದಲ್ಲಿ ಗೆಳತಿಯ ನಗುವನ್ನು ಬಟ್ಟೆಯಿಂದ ತರಲು ಹೊರಟರೆ ಉಡುಗೊರೆ ಬಿಚ್ಚಿದ ಗಳಿಗೆಯಲ್ಲಿ ಎಲ್ಲರೂ ಮೊದಲು ಅದನ್ನೇ ಹುಡುಕುತ್ತಾರೆ, ಅದೇ ಸರಿಬಂದಿರುವುದಿಲ್ಲ. ಇಬ್ಬರನ್ನೂ ನಮಗೆ ಬೆನ್ನುಮಾಡಿ, ನೀರಿನ ಕಡೆ ಮುಖಮಾಡಿ ನಿಲ್ಲಿಸಿ. ಒಬ್ಬರು ಎಷ್ಟು ಎತ್ತರ, ತಲೆ ಯಾವ ಕಡೆ ವಾಲುತ್ತದೆ, ಜಡೆಯೋ ಕತ್ತರಿಸಿದ ಕೂದಲೋ, ಹೆಗಲಿಗೆ ಚೀಲ ಇದೆಯೋ, ಇವಿಷ್ಟರಿಂದಲೇ ಹತ್ತಿರದವರಿಗೆ ಗುರುತು ಸಿಗುತ್ತದೆ. ಮುಖ ಕಾಣದ ಚಿತ್ರಕ್ಕೆ ಇನ್ನೊಂದು ಗುಣವಿದೆ: ಇಪ್ಪತ್ತು ವರ್ಷದ ಮೇಲೂ ಅದರಲ್ಲಿರುವವರು ಅವರೇ.

ಈ ದಾರಿ ಹಿಡಿದವರಲ್ಲಿ ನೀವು ಮೊದಲಿಗರೇನಲ್ಲ. ಅಮೆರಿಕದ ಜಾರ್ಜಿಯಾದಲ್ಲಿ 1837ರಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಹೊಲಿದ ಎರಡು ಚಿತ್ರಕೌದಿಗಳು ಇಂದಿಗೂ ಉಳಿದಿವೆ. ಒಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿ, ಇನ್ನೊಂದು ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿ. ಅವುಗಳ ಫೋಟೊ ಹುಡುಕಿ, ಹೊತ್ತು ಕೊಟ್ಟು ನೋಡಿ. ಮನುಷ್ಯರು, ಪ್ರಾಣಿಗಳು, ನಕ್ಷತ್ರಗಳು ಎಲ್ಲವೂ ಚಪ್ಪಟೆಯಾದ, ಕತ್ತರಿಯಿಂದ ನೇರ ಕತ್ತರಿಸಿದ ಆಕಾರಗಳು. ಎತ್ತಿದ ಕೈ, ಚಾಚಿದ ತೋಳು, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಬಿಟ್ಟ ಜಾಗ, ಇವೇ ಕಥೆ ಹೇಳುತ್ತವೆ. ಬಟ್ಟೆಯ ಚಿತ್ರಕ್ಕೆ ಬಲ ಬರುವುದು ಹೊರಗೆರೆಯಿಂದ.

ಇನ್ನು ಅಳತೆ. ಸುಮಾರು 60 ಸೆಂ.ಮೀ. ಎತ್ತರ, 75 ಸೆಂ.ಮೀ. ಅಗಲ ಸಾಕು. ಅವರ ಮನೆಯ ಗೋಡೆ ಎಷ್ಟು ದೊಡ್ಡದೋ, ಮುಂದೆ ಎಷ್ಟು ಮನೆ ಬದಲಾಯಿಸುತ್ತಾರೋ ನಿಮಗೆ ಗೊತ್ತಿಲ್ಲ. ಮಂಚದಷ್ಟು ದೊಡ್ಡ ಚಿತ್ರ ಕೊಟ್ಟರೆ ಅದಕ್ಕಾಗಿ ಗೋಡೆ ಖಾಲಿಮಾಡಬೇಕಾಗುತ್ತದೆ, ಈ ಅಳತೆಯದು ಎಲ್ಲಾದರೂ ಹೊಂದಿಕೊಳ್ಳುತ್ತದೆ. ಸಾದಾ ಯಂತ್ರದ ತೋಳಿನ ಕೆಳಗೆ ಸುತ್ತಿಕೊಂಡು ತಿರುಗಿಸಲು ಕೂಡ ಇಷ್ಟೇ ಹಿತ.

ಈಗ ಫೋಟೊದಿಂದ ಚಿತ್ರ. ಫೋಟೊವನ್ನು ಕಪ್ಪು-ಬಿಳುಪಿಗೆ ತಿರುಗಿಸಿ ಒಂದು ಪ್ರತಿ ತೆಗೆದುಕೊಳ್ಳಿ. ಕಣ್ಣನ್ನು ಅರೆಮುಚ್ಚಿ ನೋಡಿದರೆ ಸಣ್ಣಪುಟ್ಟ ವಿವರಗಳೆಲ್ಲ ಕರಗಿ, ನಾಲ್ಕೈದು ಛಾಯೆಗಳು ಮಾತ್ರ ಉಳಿಯುತ್ತವೆ: ತೀರ ತಿಳಿ, ತಿಳಿ, ನಡುವಿನದು, ಗಾಢ, ತೀರ ಗಾಢ. ಆ ಛಾಯೆಗಳ ಗಡಿಯನ್ನು ದಪ್ಪ ಮಾರ್ಕರಿನಿಂದ ಎಳೆಯಿರಿ. ಪೆನ್ಸಿಲ್ ಹಿಡಿದರೆ ಕೈ ತಾನಾಗಿ ವಿವರಕ್ಕೆ ಇಳಿಯುತ್ತದೆ. ಒಂದೂವರೆ ಸೆಂಟಿಮೀಟರಿಗಿಂತ ಸಣ್ಣದಾಗುವ ಯಾವ ತುಂಡನ್ನೂ ಬಟ್ಟೆಯಲ್ಲಿ ಕತ್ತರಿಸಬೇಡಿ. ಅಂಥದ್ದನ್ನು ಆಮೇಲೆ ದಾರದಿಂದ ಬರೆಯಬಹುದು, ಇಲ್ಲವೇ ಬಿಡಬಹುದು. ಫೋಟೊದಲ್ಲಿರುವ ವಿದ್ಯುತ್ ಕಂಬ, ಬೇಲಿ, ಯಾರದೋ ಬೈಕು ಎಲ್ಲ ಬಿಡಿ. ನನ್ನ ಲೆಕ್ಕದಲ್ಲಿ ನಿಮ್ಮ ಚಿತ್ರಕ್ಕೆ 40ರಿಂದ 60 ತುಂಡು ಸಾಕು. ಆ ರೇಖಾಚಿತ್ರವನ್ನು ಕೌದಿಯ ಅಳತೆಗೆ ದೊಡ್ಡದು ಮಾಡಿಸಿ, ಪ್ರತಿ ತುಂಡಿಗೂ ಸಂಖ್ಯೆ ಬರೆದು ಎರಡು ಪ್ರತಿ ಇಟ್ಟುಕೊಳ್ಳಿ. ಒಂದು ಕತ್ತರಿಸಲು, ಇನ್ನೊಂದು ಮೇಲಿಟ್ಟು ಜಾಗ ನೋಡಲು.

ಬಟ್ಟೆ ಆರಿಸುವಾಗ ಬಣ್ಣಕ್ಕಿಂತ ಛಾಯೆ ಮುಖ್ಯ. ಹಸಿರು ಮರ, ಹಸಿರು ಗುಡ್ಡ ಎರಡೂ ಬಣ್ಣದಲ್ಲಿ ಚೆಂದ ಬೇರೆಯಾಗಿ ಕಂಡರೂ ಛಾಯೆ ಒಂದೇ ಆಗಿದ್ದರೆ ಆರಡಿ ದೂರದಲ್ಲಿ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ. ಆರಿಸಿದ ಬಟ್ಟೆಗಳನ್ನೆಲ್ಲ ಸಾಲಾಗಿ ಹಾಸಿ ಮೊಬೈಲಿನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆಯಿರಿ. ಯಾವುದು ಯಾವುದರಲ್ಲಿ ಮುಳುಗಿಹೋಗುತ್ತದೆ ಎಂದು ತಕ್ಷಣ ಕಾಣುತ್ತದೆ. ಗುಡ್ಡಗಳಿಗೆ ಒಂದು ನಿಯಮ ನೆನಪಿಡಿ: ದೂರ ಹೋದಂತೆ ತಿಳಿಯಾಗುತ್ತವೆ, ನೀಲಿಗೆ ತಿರುಗುತ್ತವೆ, ಒಳಗಿನ ವಿವರ ಕಳೆದುಕೊಳ್ಳುತ್ತವೆ. ಹತ್ತಿರದ ಗುಡ್ಡಕ್ಕೆ ಬಟ್ಟೆಯ ಮೇಲ್ಮೈ, ಅದರ ಹಿಂದಿನದಕ್ಕೆ ಅದೇ ಬಟ್ಟೆಯ ಹಿಮ್ಮೈ ಬಳಸಿ ನೋಡಿ. ಅಚ್ಚಿನ ಬಟ್ಟೆಯ ಹಿಮ್ಮೈ ಮಸುಕಾಗಿರುವುದರಿಂದ ದೂರ ಎಂಬುದು ಸುಮ್ಮನೆ ಸಿಕ್ಕಿಬಿಡುತ್ತದೆ. ನೀರಿಗೆ ಸಣ್ಣ ಅಡ್ಡಗೆರೆಯ ಬಟ್ಟೆ, ಮರದ ಕಾಂಡಕ್ಕೆ ಉದ್ದಗೆರೆಯದು, ಎಲೆಗೊಂಚಲಿಗೆ ಚಿಕ್ಕ ಅಚ್ಚಿನ ಎರಡು-ಮೂರು ಬಗೆ. ದೊಡ್ಡ ಹೂವಿನ ಅಚ್ಚು ಬೇಡ. ಚಿತ್ರಕ್ಕಿಂತ ಮೊದಲು ಅದೇ ಕಣ್ಣಿಗೆ ಬೀಳುತ್ತದೆ.

ಗೆಳತಿಯ ಹಳೆಯ ಬಟ್ಟೆಯ ತುಂಡೊಂದು ಸಿಕ್ಕರೆ ಅವಳ ಆಕೃತಿಗೆ ಅದನ್ನೇ ಬಳಸಿ. ಇದಕ್ಕಿಂತ ಆಪ್ತವಾದ ಗುರುತು ಇನ್ನೊಂದಿಲ್ಲ. ಅದು ರೇಷ್ಮೆಯೋ ಜಾರುವ ಬಟ್ಟೆಯೋ ಆಗಿದ್ದರೆ ಹಿಂದೆ ತೆಳುವಾದ ಫ್ಯೂಸಿಂಗ್ (ಬಿಸಿಗೆ ಅಂಟಿಕೊಳ್ಳುವ ಒಳಬಟ್ಟೆ) ಇಸ್ತ್ರಿಮಾಡಿ ಅಂಟಿಸಿಕೊಂಡು ಆಮೇಲೆ ಕತ್ತರಿಸಿ, ಎಳೆ ಬಿಚ್ಚುವುದಿಲ್ಲ. ಉಳಿದದ್ದೆಲ್ಲ ಮಧ್ಯಮ ದಪ್ಪದ ಹತ್ತಿಬಟ್ಟೆಯೇ ಇರಲಿ. ಎಲ್ಲವನ್ನೂ ಮೊದಲೇ ನೀರಿಗೆ ಹಾಕಿ, ಒಣಗಿಸಿ, ಇಸ್ತ್ರಿಮಾಡಿ. ಕೆಂಪು, ಗಾಢ ನೀಲಿ, ಕಪ್ಪು ಬಟ್ಟೆಗಳನ್ನು ಒದ್ದೆಮಾಡಿ ಬಿಳಿ ಬಟ್ಟೆಯ ಮೇಲಿಟ್ಟು ಒತ್ತಿ ನೋಡಿ. ಬಣ್ಣ ಹತ್ತಿದರೆ ಇನ್ನೊಮ್ಮೆ ಒಗೆಯಿರಿ, ಆಗಲೂ ಹತ್ತಿದರೆ ಆ ಬಟ್ಟೆಯನ್ನು ಬಿಟ್ಟುಬಿಡಿ. ತಿಳಿ ಆಕಾಶದ ಮೇಲೆ ಕೆಂಪು ಇಳಿದರೆ ತೆಗೆಯುವುದು ಬಲು ಕಷ್ಟ.

ಜೋಡಣೆ ಹಿಂದಿನಿಂದ ಮುಂದಕ್ಕೆ ನಡೆಯಬೇಕು: ಆಕಾಶ, ದೂರದ ಗುಡ್ಡ, ಹತ್ತಿರದ ಗುಡ್ಡ, ನೀರು, ದಂಡೆ, ಮರ, ಕೊನೆಗೆ ಆ ಇಬ್ಬರು. ಹಿಂದಿನ ತುಂಡು ಮುಂದಿನ ತುಂಡಿನ ಕೆಳಗೆ ಸುಮಾರು 6 ಮಿ.ಮೀ. ನುಗ್ಗಿರಲಿ, ಮುಂದಿನ ತುಂಡಿನ ಅಂಚು ಅದನ್ನು ಮುಚ್ಚುತ್ತದೆ. ಅಂಚು ಮಡಿಚಿ ಕೈಯಲ್ಲಿ ಹೊಲಿಯುವುದೋ, ಅಂಟುಹಾಳೆ (ಬಿಸಿಗೆ ಕರಗುವ ಅಂಟಿರುವ ಕಾಗದ) ಹಚ್ಚಿ ಇಸ್ತ್ರಿಯಲ್ಲಿ ಕೂಡಿಸುವುದೋ ಎಂದು ಬಹಳ ಜನ ಕೇಳುತ್ತಾರೆ. ನಿಮಗೆ ಎರಡೂ ಬೇಕು. ಗುಡ್ಡ, ದಂಡೆ, ಕಾಂಡ, ಆಕೃತಿಗಳ ಅಂಚನ್ನು 5 ಮಿ.ಮೀ. ಒಳಕ್ಕೆ ಮಡಿಚಿ ಕಾಣದ ಹೊಲಿಗೆ ಹಾಕಿ. ಅಂಚು ದುಂಡಗೆ, ತುಂಬಿದಂತೆ ಕೂರುತ್ತದೆ, ಕೈಕೆಲಸದ ಚೆಲುವು ಇರುವುದು ಅಲ್ಲೇ. ದಾರದ ಬಣ್ಣ ಮೇಲಿನ ತುಂಡಿಗೆ ಹೊಂದಬೇಕು, ಕೆಳಗಿನದಕ್ಕಲ್ಲ. ಒಳಬಾಗಿದ ತಿರುವುಗಳಲ್ಲಿ ಮಡಿಕೆಯ ಗೆರೆಯ ಹತ್ತಿರದವರೆಗೆ ಕತ್ತರಿಯಿಂದ ಸಣ್ಣ ಕಚ್ಚು ಕೊಡಿ, ಹೊರಬಾಗಿದ ತಿರುವುಗಳಿಗೆ ಕಚ್ಚು ಬೇಡ. ಎಲೆಗಳಿಗೆ ಮಾತ್ರ ಅಂಟುಹಾಳೆ. ಅಷ್ಟು ಸಣ್ಣ ತುಂಡುಗಳ ಅಂಚು ಮಡಿಚುತ್ತ ಕೂತರೆ ಮದುವೆಯ ದಿನ ಬಂದುಬಿಡುತ್ತದೆ. ಅಂಟುಹಾಳೆಯ ಕಾಗದದ ಮೇಲೆ ಆಕಾರ ಬರೆಯುವಾಗ ಎಡ-ಬಲ ತಿರುಗಿಸಿ ಬರೆಯಬೇಕು, ಇಲ್ಲವಾದರೆ ಕೊಂಬೆ ಆಚೆ ಕಡೆಗೆ ಚಾಚುತ್ತದೆ. ಅಂಟು ಎಷ್ಟೇ ಗಟ್ಟಿಯಿದ್ದರೂ ಪ್ರತಿ ಎಲೆಯ ಮೇಲೂ ಒಂದು ಹೊಲಿಗೆ ಹಾದುಹೋಗಲೇಬೇಕು. ಕಾಲ ಕಳೆದಂತೆ ಅಂಟು ಬಿಡುತ್ತದೆ.

ಗುರುತು ಹಾಕುವ ಪೆನ್ನಿನ ವಿಷಯದಲ್ಲಿ ಒಂದು ಎಚ್ಚರಿಕೆ. ಇಸ್ತ್ರಿಯ ಬಿಸಿಗೆ ಮಾಯವಾಗುವ ಶಾಯಿ ನಿಜವಾಗಿ ಹೋಗಿರುವುದಿಲ್ಲ. ತುಂಬ ಚಳಿಯಾದಾಗ ಗೆರೆ ಮತ್ತೆ ಕಾಣಿಸಿಕೊಳ್ಳಬಹುದು. ನೀರಿಗೆ ಹೋಗುವ ನೀಲಿ ಪೆನ್ನಿನ ಗೆರೆಯ ಮೇಲೆ ಇಸ್ತ್ರಿ ಇಟ್ಟರೆ ಅದು ಶಾಶ್ವತವಾಗಿ ಕೂತುಬಿಡಬಹುದು. ಟೈಲರ್ ಚಾಕ್ ಎಲ್ಲಕ್ಕಿಂತ ನಂಬಿಕೆಯದು.

ಈಗ ಸುಕ್ಕು. ನಿಮ್ಮ ಪತ್ರದಲ್ಲಿ ಇರುವುದು ವಾಸ್ತವವಾಗಿ ಎರಡು ಲಕ್ಷಣ: ಮೈ ಸುಕ್ಕುಗಟ್ಟಿದ್ದು, ಅಂಚು ಅಲೆಯಾದದ್ದು.

ಅಂಚು ಅಲೆಯಾಗುವುದಕ್ಕೆ ದೊಡ್ಡ ಕಾರಣ, ಹೊಲಿಗೆಯ ದಟ್ಟಣೆ ಎಲ್ಲ ಕಡೆ ಒಂದೇ ಇಲ್ಲದಿರುವುದು. ಮೂರು ಪದರ (ಮೇಲೆ ಚಿತ್ರ, ನಡುವೆ ಹತ್ತಿಯ ಹಾಳೆ, ಕೆಳಗೆ ಅಸ್ತರು) ಸೇರಿಸಿ ಹಾಕುವ ಪ್ರತಿ ಹೊಲಿಗೆಯೂ ಬಟ್ಟೆಯನ್ನು ಚೂರು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊಸಬರು ಮರಕ್ಕೂ ಆಕೃತಿಗೂ ದಟ್ಟವಾಗಿ ಹೊಲಿದು ಆಕಾಶವನ್ನು ಹಾಗೇ ಬಿಡುತ್ತಾರೆ. ನಡುಭಾಗ ಕುಗ್ಗುತ್ತದೆ, ಸುತ್ತಲಿನ ಬಟ್ಟೆ ಮೊದಲಿನಷ್ಟೇ ಇರುತ್ತದೆ. ಹೆಚ್ಚಾದ ಆ ಬಟ್ಟೆಗೆ ಹೋಗಲು ಜಾಗವಿಲ್ಲದೆ ಅಲೆಯಾಗಿ ಏಳುತ್ತದೆ. ಹೊದೆಯುವ ಕೌದಿಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಗೋಡೆಯ ಮೇಲೆ ತೂಗಿದಾಗ ಮುಚ್ಚಿಡಲು ಆಗುವುದಿಲ್ಲ. ಆದ್ದರಿಂದ ಮರದಲ್ಲಿ ಸಾಲುಗಳ ನಡುವೆ ಒಂದು ಸೆಂಟಿಮೀಟರ್ ಬಿಟ್ಟಿದ್ದರೆ ಆಕಾಶದಲ್ಲೂ ಹೆಚ್ಚುಕಡಿಮೆ ಅಷ್ಟೇ ಬಿಡಿ. ಆಕಾಶದ ಹೊಲಿಗೆ ಎದ್ದು ಕಾಣಬಾರದೆಂದಿದ್ದರೆ ಬಟ್ಟೆಯ ಬಣ್ಣದ್ದೇ ತೆಳು ದಾರ ಹಾಕಿ.

ಮೈ ಸುಕ್ಕಿಗೆ ಕಾರಣಗಳು ಹಲವು. ನೀವು ಚಿತ್ರ ಹೊಲಿದ ಹಿನ್ನೆಲೆಯ ಬಟ್ಟೆ ತೆಳುವಾಗಿದ್ದರೆ ಮೇಲೆ ಕೂತ ತುಂಡುಗಳ ಭಾರಕ್ಕೆ ಅದು ಮುದುಡುತ್ತದೆ. ಹಿನ್ನೆಲೆಯ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿಮಾಡಿ, ನಾಲ್ಕೂ ಕಡೆ 5 ಸೆಂ.ಮೀ. ಹೆಚ್ಚಿಗೆ ಇಟ್ಟುಕೊಂಡು ಕತ್ತರಿಸಿ. ಎಲ್ಲ ಮುಗಿದ ಮೇಲೆ ಅಳತೆಗೆ ತರಬಹುದು. ತುಂಡುಗಳನ್ನು ಸಾಧ್ಯವಾದಷ್ಟು ಹಿನ್ನೆಲೆಯ ಎಳೆ ಇರುವ ದಿಕ್ಕಿಗೇ ಎಳೆ ಬರುವಂತೆ ಕತ್ತರಿಸಿ. ಓರೆಯಾಗಿ ಕತ್ತರಿಸಿದ ತುಂಡು ಕೈಯಲ್ಲೇ ಹಿಗ್ಗುತ್ತದೆ, ಹಿಗ್ಗಿದ್ದನ್ನು ಹಾಗೇ ಹೊಲಿದರೆ ಸುಕ್ಕು ಖಾಯಂ. ಯಂತ್ರದ ಮೇಲಿನ ದಾರ ಬಿಗಿಯಾಗಿದ್ದರೂ ಹೀಗೇ ಆಗುತ್ತದೆ. ಅದೇ ಮೂರು ಪದರದ ಚೂರೊಂದರ ಮೇಲೆ ಮೊದಲು ಹೊಲಿದು ನೋಡಿ, ಕೆಳಗಿನ ದಾರ ಮೇಲೆ ಚುಕ್ಕಿಯಾಗಿ ಕಂಡರೆ ಟೆನ್ಶನ್ ಸಡಿಲಿಸಿ. ಸೂಜಿ ಹೊಸದಿರಲಿ, 80 ಅಥವಾ 90ರ ಸಂಖ್ಯೆಯದು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಕಚ್ಚಾ ಹೊಲಿಗೆ, ಅಂದರೆ ಪದರಗಳು ಜರುಗದಂತೆ ತಾತ್ಕಾಲಿಕವಾಗಿ ಹಾಕಿ ಆಮೇಲೆ ಬಿಚ್ಚುವ ಹೊಲಿಗೆ. ಎಲ್ಲರೂ ಅವಸರಪಡುವ ಜಾಗ ಇದು, ನಾನು ಹಟಹಿಡಿದು ನಿಧಾನ ಮಾಡಿಸುವ ಜಾಗವೂ ಇದೇ. ಅಸ್ತರಿನ ಬಟ್ಟೆಯನ್ನು ಹಿಮ್ಮೈ ಮೇಲೆ ಬರುವಂತೆ ಮೇಜಿನ ಮೇಲೆ ಹಾಸಿ, ಅಂಚುಗಳನ್ನು ಟೇಪಿನಿಂದ ಅಂಟಿಸಿ. ಬಿಗಿಯಾಗಿ ಇರಲಿ, ಆದರೆ ಎಳೆದು ಹಿಗ್ಗಿಸಬೇಡಿ. ಹಿಗ್ಗಿಸಿದ ಬಟ್ಟೆ ಟೇಪು ಬಿಟ್ಟ ಕೂಡಲೇ ಹಿಂದಕ್ಕೆ ಸೇದಿಕೊಂಡು ಇಡೀ ಕೌದಿಯನ್ನು ಮುದುಡಿಸುತ್ತದೆ. ಅದರ ಮೇಲೆ ಹತ್ತಿಯ ಹಾಳೆ, ಅದರ ಮೇಲೆ ಚಿತ್ರ. ನಡುವಿನಿಂದ ಹೊರಕ್ಕೆ ಅಂಗೈಯಲ್ಲಿ ಸವರಿ, ನಡುವಿನಿಂದಲೇ ಶುರುಮಾಡಿ 8-10 ಸೆಂ.ಮೀ.ಗೆ ಒಂದು ಸಾಲಿನಂತೆ ಉದ್ದಕ್ಕೂ ಅಡ್ಡಕ್ಕೂ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಸೇಫ್ಟಿ ಪಿನ್ ಹಾಕಿದರೂ ನಡೆಯುತ್ತದೆ, ಒಂದು ಅಂಗೈ ಇಟ್ಟಲ್ಲಿ ಒಂದಾದರೂ ಪಿನ್ ಸಿಗುವಷ್ಟು ಹತ್ತಿರವಿರಲಿ. ನಿಜವಾದ ಹೊಲಿಗೆಯನ್ನೂ ನಡುವಿನಿಂದ ಹೊರಕ್ಕೇ ಒಯ್ಯಬೇಕು.

ನಡುಪದರಕ್ಕೆ ತೆಳುವಾದ, ಚಪ್ಪಟೆಯಾದ ಹತ್ತಿಯ ಹಾಳೆ (ಬ್ಯಾಟಿಂಗ್) ತೆಗೆದುಕೊಳ್ಳಿ. ಉಬ್ಬುವ ಪಾಲಿಯೆಸ್ಟರ್ ಹಾಳೆ ಹೊದಿಕೆಗೆ ಮೆತ್ತಗಿರುತ್ತದೆ, ಗೋಡೆಯ ಮೇಲೆ ಮಾತ್ರ ಚಿತ್ರ ಊದಿಕೊಂಡಂತೆ ಕಾಣುತ್ತದೆ. ಹತ್ತಿಯ ಹಾಳೆ ಮೊದಲ ಒಗೆತದಲ್ಲಿ ಶೇ. 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. ಹಾಗಾಗಿ ಅದನ್ನೂ ಮೊದಲೇ ಒದ್ದೆಮಾಡಿ ಒಣಗಿಸಿಕೊಳ್ಳಬಹುದೇ ಎಂದು ಪೊಟ್ಟಣದ ಮೇಲೆ ಓದಿ. ಕೆಲವು ಹಾಳೆಗಳು ನೀರಿಗೆ ಹಾಕಿದರೆ ಹರಿದುಹೋಗುತ್ತವೆ.

ಇಷ್ಟರವರೆಗೆ ಹೇಳಿದ್ದು ಕೆಲಸ ಕೆಡದಂತೆ ನೋಡಿಕೊಳ್ಳುವ ಮಾತು. ನಿಮ್ಮ ಚಿತ್ರಕ್ಕೆ ಜೀವ ಬರುವುದು ಮೂರು ಪದರ ಸೇರಿಸುವ ಹೊಲಿಗೆಯಿಂದ. ಹೊದೆಯುವ ಕೌದಿಯಲ್ಲಿ ಆ ಹೊಲಿಗೆ ಪದರಗಳನ್ನು ಹಿಡಿದಿಟ್ಟರೆ ಸಾಕು. ಇಲ್ಲಿ ಅದು ರೇಖೆ. ಹೊಲಿದಲ್ಲಿ ಬಟ್ಟೆ ತಗ್ಗುತ್ತದೆ, ಬಿಟ್ಟಲ್ಲಿ ಉಬ್ಬುತ್ತದೆ, ಪಕ್ಕದಿಂದ ಬೆಳಕು ಬಿದ್ದಾಗ ತಗ್ಗಿನಲ್ಲಿ ನೆರಳು ಕೂರುತ್ತದೆ. ಈ ಒಂದು ಗುಣವನ್ನೇ ನಂಬಿ ಸಿಸಿಲಿಯಲ್ಲಿ 14ನೇ ಶತಮಾನದ ಕೊನೆಯ ಭಾಗದಲ್ಲಿ ಹೊಲಿದ, ಟ್ರಿಸ್ಟನ್ ಎಂಬ ವೀರನ ಕಥೆ ಹೇಳುವ ಟ್ರಿಸ್ಟನ್ ಕೌದಿ ಎಂಬುದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದರ ಜೊತೆಯದು ಫ್ಲಾರೆನ್ಸಿನ ಬಾರ್ಜೆಲ್ಲೊ ಮ್ಯೂಸಿಯಂನಲ್ಲಿದೆ. ಬಣ್ಣದ ತುಂಡುಗಳೇ ಇಲ್ಲ. ಲಿನನ್ ಬಟ್ಟೆ, ಕಂದು ಮತ್ತು ಬಿಳಿ ದಾರ, ಆಕೃತಿಗಳ ಒಳಗೆ ತುಂಬಿದ ಹತ್ತಿ. ಅಷ್ಟರಲ್ಲೇ ಹಡಗು, ಕುದುರೆ, ಯೋಧರು ಎಲ್ಲ ಎದ್ದುನಿಲ್ಲುತ್ತಾರೆ. ಅದೊಂದು ಮದುವೆಗಾಗಿ ಮಾಡಿಸಿದ್ದಿರಬಹುದು ಎಂಬ ಊಹೆಯೂ ಇದೆ.

ಹಾಗಾದರೆ ನಿಮ್ಮ ಕೆರೆಯಲ್ಲಿ ಹೊಲಿಗೆ ಯಾವ ಕಡೆ ಓಡಬೇಕು? ನೀರಿನಲ್ಲಿ ಅಡ್ಡಕ್ಕೆ, ಆದರೆ ಸ್ಕೇಲಿಟ್ಟು ಎಳೆದಂತೆ ಬೇಡ. ದಂಡೆಯ ಹತ್ತಿರ ಸಾಲುಗಳ ನಡುವೆ ಜಾಗ ಸ್ವಲ್ಪ ಹೆಚ್ಚು, ದೂರ ಹೋದಂತೆ ಕಡಿಮೆ. ಕಣ್ಣಿಗೆ ನೀರು ಹಿಂದಕ್ಕೆ ಚಾಚಿದಂತೆ ಆಗುತ್ತದೆ. ಗುಡ್ಡದಲ್ಲಿ ಇಳಿಜಾರು ಇಳಿದಂತೆ ಗೆರೆಯೂ ಇಳಿಯಲಿ. ಕಾಂಡದ ಹೊಲಿಗೆ ಬುಡದಿಂದ ಹೊರಟು ಕೊಂಬೆಗಳಿಗೆ ಕವಲೊಡೆಯಲಿ, ಒಂದೆರಡು ಕಡೆ ಗಂಟನ್ನು ಸುತ್ತಿಕೊಂಡು ಹೋಗಲಿ. ಇಬ್ಬರ ಆಕೃತಿಯ ಒಳಗೆ ಹೊಲಿಗೆ ಬೇಡ. ಹೊರಗೆರೆಗೆ ತಾಗಿದಂತೆ ಸುತ್ತಲೂ ಒಂದು ಸಾಲು ಹಾಕಿ ಬಿಟ್ಟರೆ ಸುತ್ತಲಿನ ಬಟ್ಟೆ ತಗ್ಗಿ ಅವರಿಬ್ಬರು ತಾವಾಗಿ ಮುಂದೆ ಬರುತ್ತಾರೆ. ಅಷ್ಟು ಸಣ್ಣ ಜಾಗ ಹೊಲಿಗೆಯಿಲ್ಲದೆ ಉಳಿದರೆ ಅಲೆಯೇಳುವ ಭಯವಿಲ್ಲ. ನೀರಿನಲ್ಲಿ ಅವರ ಪ್ರತಿಬಿಂಬ ಬೇಕೆನಿಸಿದರೆ ಬಟ್ಟೆ ಕತ್ತರಿಸಬೇಡಿ, ಗಾಢ ದಾರದಲ್ಲಿ ಮುರಿದ ಅಡ್ಡಗೆರೆಗಳಷ್ಟೇ ಸಾಕು.

ಕೈಯೋ ಯಂತ್ರವೋ? ನಿಮ್ಮ ಜಾಗದಲ್ಲಿ ನಾನಿದ್ದರೆ ಆಕಾಶ, ನೀರು, ಗುಡ್ಡಗಳನ್ನು ಕೈಯಲ್ಲಿ ಓಡು ಹೊಲಿಗೆ ಹಾಕಿ, ಎಲೆಗೊಂಚಲನ್ನು ಮಾತ್ರ ಯಂತ್ರಕ್ಕೆ ಕೊಡುತ್ತಿದ್ದೆ. ಅಂಟು ಹಚ್ಚಿದ ಜಾಗ ಕೈಸೂಜಿಗೆ ಬಿಗಿ, ಬೆರಳು ನೋಯುತ್ತದೆ. ಬಟ್ಟೆಯನ್ನು ತಾನಾಗಿ ಎಳೆಯುವ ಯಂತ್ರದ ಹಲ್ಲು ಇಳಿಸಿ, ಡಾರ್ನಿಂಗ್ ಫುಟ್ (ಬಟ್ಟೆಯನ್ನು ಬಿಗಿಯಾಗಿ ಒತ್ತಿಹಿಡಿಯದ ಪಾದ) ಹಾಕಿಕೊಂಡರೆ ಬಟ್ಟೆಯನ್ನು ಬೇಕಾದ ಕಡೆ ತಿರುಗಿಸುತ್ತ ಎಲೆಯಿಂದ ಎಲೆಗೆ ಹೋಗಬಹುದು. ಕೈಹೊಲಿಗೆಯಲ್ಲಿ ಸಣ್ಣ ಹೊಲಿಗೆಗಾಗಿ ಪರದಾಡಬೇಡಿ, ಎಲ್ಲ ಒಂದೇ ಸಮ ಇದ್ದರೆ ದೊಡ್ಡದಾದರೂ ಚೆಂದ. ಗಂಟನ್ನು ಮೇಲ್ಬಟ್ಟೆಯೊಳಕ್ಕೆ ಮೆಲ್ಲನೆ ಎಳೆದು ಪದರಗಳ ನಡುವೆ ಅಡಗಿಸಿ.

ಹೊಲಿಗೆ ಮುಗಿದ ಮೇಲೆ ಎಷ್ಟೇ ಎಚ್ಚರ ವಹಿಸಿದ್ದರೂ ಚೂರು ಸೊಟ್ಟ ಉಳಿಯುತ್ತದೆ. ಇಡೀ ಕೌದಿಗೆ ನೀರು ಚಿಮುಕಿಸಿ, ದಪ್ಪ ಟವೆಲಿನ ಮೇಲೆ ಹಾಸಿ, ಮೂಲೆಗಳನ್ನು ಲಂಬಕೋನಕ್ಕೆ ತಂದು, ಅಂಚಿನುದ್ದಕ್ಕೂ ಗುಂಡುಸೂಜಿ ಚುಚ್ಚಿ ಪೂರ್ತಿ ಒಣಗಲು ಬಿಡಿ. ಸಣ್ಣಪುಟ್ಟ ಅಲೆಯೆಲ್ಲ ಇಲ್ಲೇ ಕೂರುತ್ತದೆ. ಅಂಚು ಕತ್ತರಿಸಿ ಅಳತೆಗೆ ತರುವುದು ಇದಾದ ಮೇಲೆಯೇ. ಅಂಚಿಗೆ ಬಣ್ಣದ ಬೈಂಡಿಂಗ್ (ಅಂಚನ್ನು ಸುತ್ತಿ ಮುಂದೆಯೂ ಕಾಣುವ ಪಟ್ಟಿ) ಹಾಕಬಹುದು, ಆದರೆ ಭೂದೃಶ್ಯಕ್ಕೆ ಪೂರ್ತಿ ಹಿಂಬದಿಗೆ ಮಡಿಚುವ ಪಟ್ಟಿಯೇ ನನಗೆ ಹಿಡಿಸುತ್ತದೆ. ಚೌಕಟ್ಟಿನಂತೆ ಕಟ್ಟಿಹಾಕದೆ ಆಕಾಶವನ್ನು ಅಂಚಿನವರೆಗೂ ಹೋಗಲು ಬಿಡುತ್ತದೆ.

ತೂಗುವ ವ್ಯವಸ್ಥೆಯನ್ನು ನೀವೇ ಮಾಡಿಕೊಡಿ, ಅವರಿಗೆ ಬಿಡಬೇಡಿ. ಹಿಂಬದಿಯ ಮೇಲ್ಭಾಗದಲ್ಲಿ ಸುಮಾರು 10 ಸೆಂ.ಮೀ. ಅಗಲದ ಬಟ್ಟೆಯ ಕೊಳವೆ ಹೊಲಿಯಿರಿ. ಕೋಲು ತೂರಿಸಿದಾಗ ಅದರ ದಪ್ಪ ಮುಂದಕ್ಕೆ ಉಬ್ಬಿ ಚಿತ್ರದಲ್ಲಿ ಏಣು ಮೂಡಬಾರದು. ಅದಕ್ಕೆ ಕೊಳವೆಯ ಹೊರಮೈ ಚೂರು ಸಡಿಲವಾಗಿರಲಿ. ಕೊಳವೆಯ ಹೊಲಿಗೆ ಅಸ್ತರು ಮತ್ತು ಹತ್ತಿಯನ್ನು ಹಿಡಿಯಬೇಕು, ಮುಂದಕ್ಕೆ ಬರಬಾರದು. ಚಪ್ಪಟೆ ಮರದ ಪಟ್ಟಿಯನ್ನೂ ಅಳತೆಗೆ ಕತ್ತರಿಸಿ ಜೊತೆಗೆ ಕೊಡಿ. ಮರದ ಆಮ್ಲ ವರ್ಷಗಳ ಮೇಲೆ ಬಟ್ಟೆಯನ್ನು ಹಳದಿಗಟ್ಟಿಸುತ್ತದೆ, ಆದ್ದರಿಂದ ಪಟ್ಟಿಗೆ ವಾರ್ನಿಷ್ ಬಳಿದು ಚೆನ್ನಾಗಿ ಒಣಗಿಸಿ. ಇಂಥ ಕೆಲಸಕ್ಕೆ ಬಿಸಿಲೇ ದೊಡ್ಡ ಶತ್ರು. ಮ್ಯೂಸಿಯಂಗಳು ಬಟ್ಟೆಯನ್ನು ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿಡುತ್ತವೆ. ಮನೆಯಲ್ಲಿ ಅದು ಆಗದು, ಕಿಟಕಿಯ ನೇರ ಬಿಸಿಲು ಬೀಳದ ಗೋಡೆಯಾದರೂ ಇರಲಿ.

ಹಿಂಬದಿಯ ಮೂಲೆಗೆ ಒಂದು ಬಟ್ಟೆಯ ಚೀಟಿ ಹೊಲಿಯಿರಿ. ಇಬ್ಬರ ಹೆಸರು, ಮದುವೆಯ ದಿನಾಂಕ, ಆ ಜಾಗದ ಹೆಸರು, ನಿಮ್ಮ ಹೆಸರು. ಅದರ ಕೆಳಗೆ ಎರಡು ಸಾಲು: ಒಗೆಯಬೇಡಿ, ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ, ನೇರ ಬಿಸಿಲಿಗೆ ಹಾಕಬೇಡಿ. ಹೆಸರುಗಳನ್ನು ದಾರದಲ್ಲೇ ಹೊಲಿದರೆ ಮಾಸುವ ಭಯವಿಲ್ಲ.

ನಾಲ್ಕು ತಿಂಗಳನ್ನು ಹಂಚಿಕೊಳ್ಳುವುದಾದರೆ ಮೊದಲ ಮೂರು ವಾರ ಬರೀ ರೇಖಾಚಿತ್ರ ಮತ್ತು ಬಟ್ಟೆಯ ಆಯ್ಕೆಗೆ ಕೊಡಿ, ಕತ್ತರಿ ಮುಟ್ಟಬೇಡಿ. ಆಮೇಲೆ ಆರು ವಾರ ಜೋಡಣೆ, ಐದು ವಾರ ಹೊಲಿಗೆ. ಕೊನೆಯ ಎರಡು ವಾರ ಅಂಚು, ಕೊಳವೆ, ಚೀಟಿಗೆ. ಹೊತ್ತು ಸಾಲದೆ ಬಂದರೆ ಎಲೆಗಳ ಸಂಖ್ಯೆ ಇಳಿಸಿ; ಕಚ್ಚಾ ಹೊಲಿಗೆಯಲ್ಲಿ ಮಾತ್ರ ಹೊತ್ತು ಉಳಿಸಲು ಹೋಗಬೇಡಿ. ಕೊಡುವ ದಿನ ಮಡಿಚಬೇಡಿ, ಮಡಿಕೆಯ ಗೆರೆ ಹೋಗುವುದು ಕಷ್ಟ. ದಪ್ಪ ರಟ್ಟಿನ ಕೊಳವೆಗೆ ಹಳೆಯ ಹತ್ತಿಬಟ್ಟೆ ಸುತ್ತಿ, ಅದರ ಮೇಲೆ ಕೌದಿಯನ್ನು ಚಿತ್ರ ಹೊರಗೆ ಬರುವಂತೆ ಸುರುಳಿ ಮಾಡಿ. ಹಾಗೆ ಸುತ್ತಿದಾಗ ಮುದುಡುವುದು ಒಳಗಿನ ಅಸ್ತರು ಮಾತ್ರ. ಉಳಿದ ಬಟ್ಟೆಯ ಚೂರುಗಳನ್ನೂ ದಾರವನ್ನೂ ಒಂದು ಸಣ್ಣ ಚೀಲದಲ್ಲಿ ಹಾಕಿ ಜೊತೆಗಿಡಿ. ಮುಂದೆ ಎಲ್ಲಾದರೂ ಹೊಲಿಗೆ ಬಿಟ್ಟರೆ ಅದೇ ಬಟ್ಟೆಯಿಂದ ಸರಿಪಡಿಸಬಹುದು.